ನಾರ್ವೆ ಕರಾವಳಿ ಹಡಗು, ಸೆಪ್ಟೆಂಬರ್–ಅಕ್ಟೋಬರ್: ಹೋಗಿ ಬರುವುದೋ, ಕಿರ್ಕೆನೆಸ್‌ನಲ್ಲೇ ಇಳಿಯುವುದೋ?

ಕಾವೇರಿತೀರ
ಎಲ್ಲರಿಗೂ ನಮಸ್ಕಾರ. ಬೆಂಗಳೂರಿನಿಂದ ನಾಲ್ಕು ಜನ ಹೊರಡುತ್ತಿದ್ದೇವೆ: ಅಪ್ಪ (70), ಅಮ್ಮ (66), ನಾನು ಮತ್ತು ನಮ್ಮವರು. ನಾರ್ವೆಯ ಬರ್ಗೆನ್‌ನಿಂದ ಉತ್ತರದ ತುದಿಯ ಕಿರ್ಕೆನೆಸ್‌ವರೆಗೆ ಹೋಗುವ ಕರಾವಳಿ ಹಡಗಿನ ಮೇಲೆ ಕಣ್ಣಿದೆ. ಅರೋರಾನೂ (ರಾತ್ರಿ ಆಕಾಶದಲ್ಲಿ ಕಾಣುವ ಹಸಿರು ಬೆಳಕು) ಬೇಕು, ಹಗಲು ಬೆಳಕಲ್ಲಿ ಬೆಟ್ಟ ಗುಡ್ಡನೂ ಬೇಕು, ಹಾಗಾಗಿ ಶರತ್ಕಾಲ. ಆದರೆ ಸೆಪ್ಟೆಂಬರಾ, ಅಕ್ಟೋಬರಾ? 12 ದಿನದ ಪೂರ್ತಿ ಸುತ್ತು ಬೇಕಾ, ಇಲ್ಲಾ 7ನೇ ದಿನ ಕಿರ್ಕೆನೆಸ್‌ನಲ್ಲಿ ಇಳಿದು ವಿಮಾನ ಹತ್ತಿದರೆ ಸಾಕಾ? ಅಮ್ಮ ಮೊಟ್ಟೆಯನ್ನೂ ತಿನ್ನಲ್ಲ. ಘಾಟಿ ರಸ್ತೆಯಲ್ಲಿ ಬಸ್ಸು ತಿರುಗಿದರೂ ಅವರಿಗೆ ಹೊಟ್ಟೆ ತೊಳಸುತ್ತೆ. ಅಪ್ಪನಿಗೆ ಮಂಡಿನೋವು. ಗೊತ್ತಿದ್ದವರು ವಿವರವಾಗಿ ಹೇಳಿ, ದಯವಿಟ್ಟು.

ನಕಾಶೆ
ಪೂರ್ತಿ ಸುತ್ತು ಮಾಡಿ. ಕಾರಣ ವೇಳಾಪಟ್ಟಿಯಲ್ಲೇ ಇದೆ. ಒಟ್ಟು 34 ಬಂದರು. ಉತ್ತರಕ್ಕೆ ಹೋಗುವಾಗ ರಾತ್ರಿ ದಾಟುವ ಊರುಗಳನ್ನು ದಕ್ಷಿಣಕ್ಕೆ ಬರುವಾಗ ಹಗಲು ದಾಟುವ ಹಾಗೆ ಹೊಂದಿಸಿದ್ದಾರೆ. ಹೋಗುವಾಗ 4ನೇ ದಿನ ಲೋಫೋಟೆನ್ ದ್ವೀಪಗಳ ಸ್ವೋಲ್ವೇರ್ ತಲುಪುವಷ್ಟರಲ್ಲಿ ರಾತ್ರಿ ಒಂಬತ್ತು. ಅಲ್ಲಿಂದ ರಾಫ್ಟ್‌ಸುಂಡ್ ಎಂಬ ಕಿರಿದಾದ ಜಲಸಂಧಿ ದಾಟೋದು ಪೂರಾ ಕತ್ತಲಲ್ಲಿ. ಅದೇ ಜಾಗ ಬರುವಾಗ 9ನೇ ದಿನ ಹೇಗಿರುತ್ತೆ ನೋಡಿ: ಬೆಳಿಗ್ಗೆ ಎಂಟರ ಸುಮಾರಿಗೆ ಹಾರ್‌ಸ್ಟಾಡ್, ಆಮೇಲೆ ರಿಸೊಯ್‌ಹಾಮ್ನ್, ಸೋರ್ಟ್‌ಲ್ಯಾಂಡ್, ಸ್ಟೋಕ್‌ಮಾರ್ಕ್ನೆಸ್, ಸಂಜೆ ಐದರ ಆಸುಪಾಸು ಟ್ರೋಲ್‌ಫಿಯೋರ್ಡ್ ಬಾಯಿ (ಫಿಯೋರ್ಡ್ ಅಂದರೆ ಬೆಟ್ಟಗಳ ನಡುವೆ ಒಳಗೆ ಚಾಚಿದ ಕಡಲು). ಇಡೀ ಪ್ರಯಾಣದ ಅತಿ ಚಂದದ ಹಗಲು ಅದು. ಮರುದಿನ, 10ನೇ ದಿನ, ಏಳು ಅಕ್ಕಂದಿರು ಅಂತ ಕರೆಯುವ ಶಿಖರಗಳ ಸಾಲು, ನಡುವೆ ತೂತಿರುವ ಟೋರ್ಗ್‌ಹಾಟನ್ ಬೆಟ್ಟ. ಕಿರ್ಕೆನೆಸ್‌ನಲ್ಲಿ ಇಳಿದರೆ ಇಷ್ಟೂ ಕೈಬಿಟ್ಟ ಹಾಗೆ.

ಮಲಪ್ರಭಾ_ದಂಡಿ
ನೋಡ್ರಿ, 12 ದಿವ್ಸ ಹಡಗದಾಗ ಕುಂದ್ರೂದು ಎಲ್ಲಾರಿಗೂ ಆಗಂಗಿಲ್ಲ. ಹಿರಿಯರು ಅದಾರ, ಒಬ್ರಿಗೆ ಮೊಣಕಾಲು, ಇನ್ನೊಬ್ರಿಗೆ ಹೊಟ್ಟಿ. ಹೋಗೂದಷ್ಟ ಮಾಡ್ರಿ. 7ನೇ ದಿನ ಮುಂಜಾನೆ 9ಕ್ಕ ಕಿರ್ಕೆನೆಸ್ ಮುಟ್ತೈತಿ, ಅಲ್ಲಿಂದ ಓಸ್ಲೋಕ್ಕ ವಿಮಾನ ಎರಡು ತಾಸು. ಉಳಿದ ನಾಕೈದು ದಿವ್ಸ ಬರ್ಗೆನ್ ರೈಲು, ಊರು ನೋಡ್ರಿ. ರೊಕ್ಕನೂ ಉಳೀತೈತಿ.

ನಕಾಶೆ
ದಂಡಿಯವರೇ, ರೊಕ್ಕ ಉಳಿಯೋದು ನಿಜ. ಆದರೆ 7 ದಿನದ್ದೇ ಬೇಕು ಅಂದರೆ ತಿರುಗಿಸಿ ಮಾಡಿ: ಓಸ್ಲೋದಿಂದ ಕಿರ್ಕೆನೆಸ್‌ಗೆ ಹಾರಿ, ಅಲ್ಲಿಂದ ದಕ್ಷಿಣಕ್ಕೆ ಹಡಗಲ್ಲಿ ಬರ್ಗೆನ್. ಐದು ರಾತ್ರಿಯಲ್ಲಿ ಮುಗಿಯುತ್ತೆ, ಮೇಲೆ ಹೇಳಿದ ಎರಡು ಹಗಲೂ ಸಿಗುತ್ತೆ. ತಪ್ಪಿಹೋಗೋದು ಮುಖ್ಯವಾಗಿ ಮೂರು. ಯೊರುಂಡ್‌ಫಿಯೋರ್ಡ್ ಸುತ್ತು ಉತ್ತರಕ್ಕೆ ಹೋಗುವ ಹಡಗಿಗೆ ಮಾತ್ರ. ಟ್ರುಮ್ಸೊ ದಕ್ಷಿಣಮುಖವಾಗಿ ಬರುವಾಗ ರಾತ್ರಿ 11:45ಕ್ಕೆ ಬರುತ್ತೆ. ನಾರ್ತ್ ಕೇಪ್‌ಗೆ (ಉತ್ತರದ ಕಡಿದಾದ ಭೂಶಿರ) ಹೋಗಲು ಹೊನ್ನಿಂಗ್ಸ್‌ವೋಗ್‌ನಲ್ಲಿ ಹಗಲಿನ ದೊಡ್ಡ ನಿಲುಗಡೆ ಇರೋದೂ ಹೋಗುವಾಗಲೇ.

ಬಂದರುಬೀದಿ
ಒಂದು ವಿಷಯ ಮೊದಲೇ ತಲೆಯಲ್ಲಿ ಇಟ್ಟುಕೊಳ್ಳಿ ಮಾರಾಯ್ರೆ, ಇದು ಕ್ರೂಸ್ ಅಲ್ಲ. ಈಜುಕೊಳ, ಕ್ಯಾಸಿನೋ, ರಾತ್ರಿ ಶೋ ಅಂತೆಲ್ಲ ನಿರೀಕ್ಷೆ ಇಟ್ಟುಕೊಂಡು ಹೋಗಬೇಡಿ. ಸರಕು, ಊರಿನ ಜನ, ಪ್ರವಾಸಿಗರು ಎಲ್ಲ ಒಟ್ಟಿಗೆ ಹೋಗುವ ಲೈನ್ ಹಡಗು. ಚಿಕ್ಕ ಬಂದರಿನಲ್ಲಿ 15–30 ನಿಮಿಷ ನಿಲ್ಲುತ್ತದೆ: ಹಡಗಿನ ಪಕ್ಕದ ಬಾಗಿಲು ತೆರೆಯುತ್ತದೆ, ಫೋರ್ಕ್‌ಲಿಫ್ಟ್ ಪ್ಯಾಲೆಟ್ ಹೊತ್ತು ಒಳಗೆ ಹೊರಗೆ ಓಡುತ್ತದೆ, ನಾಲ್ಕು ಜನ ಹತ್ತುತ್ತಾರೆ, ಇಬ್ಬರು ಇಳಿಯುತ್ತಾರೆ, ಹಗ್ಗ ಬಿಚ್ಚಿ ಹೊರಡುತ್ತದೆ. ಬಂದರು ಕೆಲಸ ಇಷ್ಟವಿದ್ದವರಿಗೆ ಅದನ್ನು ಮೇಲಿನ ಡೆಕ್ಕಿನಿಂದ ನೋಡುವುದೇ ದೊಡ್ಡ ಸಂತೋಷ. ಅದು ಬೋರ್ ಅನಿಸುವವರಿಗೆ 12 ದಿನ ನಿಜಕ್ಕೂ ಹೆಚ್ಚು.

ಅಂಚೆಚೀಟಿ
ಬಂದರುಬೀದಿ ಹೇಳಿದ್ದಕ್ಕೆ ಸೇರಿಸುತ್ತೇನೆ. ಈ ಮಾರ್ಗ ಹುಟ್ಟಿದ್ದೇ ಅಂಚೆಗಾಗಿ. 1893ರ ಜುಲೈ 2ರಂದು ಕ್ಯಾಪ್ಟನ್ ರಿಚರ್ಡ್ ವಿಥ್ ಅವರ ‘ವೆಸ್ಟರಾಲೆನ್’ ಹಬೆ ಹಡಗು ಟ್ರಾಂಡ್‌ಹೈಮ್‌ನಿಂದ ಹಾಮರ್‌ಫೆಸ್ಟ್‌ಗೆ ಹೊರಟಿತು. ಅದಕ್ಕೂ ಮೊದಲು ಈ ಎರಡು ಊರುಗಳ ನಡುವೆ ಒಂದು ಕಾಗದ ತಲುಪಲು ಬೇಸಿಗೆಯಲ್ಲಿ ಮೂರು ವಾರ, ಚಳಿಗಾಲದಲ್ಲಿ ಐದು ತಿಂಗಳು ಹಿಡಿಯುತ್ತಿತ್ತಂತೆ. ಆಗ ಟ್ರಾಂಡ್‌ಹೈಮ್‌ನ ಉತ್ತರಕ್ಕೆ ಇದ್ದದ್ದು 28 ದೀಪಸ್ತಂಭ ಮಾತ್ರ. ಬೇರೆ ಕಂಪನಿಗಳು ಕತ್ತಲಲ್ಲಿ ಆಗಲ್ಲ ಅಂತ ಕೈಬಿಟ್ಟಿದ್ದವು. ವಿಥ್ ಮತ್ತು ಅವರ ಪೈಲಟ್ ಪ್ರತಿ ತುಂಡಿಗೂ ದಿಕ್ಕು, ವೇಗ, ಹಿಡಿದ ಸಮಯ ಬರೆದಿಟ್ಟು, ದಿಕ್ಸೂಚಿ ಮತ್ತು ಗಡಿಯಾರ ನಂಬಿ ರಾತ್ರಿಯೂ ಹಡಗು ಓಡಿಸಿದರು. ಈ ಮಾರ್ಗದ ಹೆಸರು ‘ಹುರ್ಟಿಗ್ರೂಟನ್’, ಅಂದರೆ ವೇಗದ ಮಾರ್ಗ ಅಂತಲೇ ಅರ್ಥ. 2021ರಿಂದ ಸರಕಾರದ ಗುತ್ತಿಗೆ ಎರಡು ಕಂಪನಿಗೆ ಹಂಚಿಹೋಗಿದೆ: ಹುರ್ಟಿಗ್ರೂಟನ್‌ಗೆ 7 ಹಡಗು, ಹಾವಿಲಾಗೆ 4. ಮಾರ್ಗ ಒಂದೇ, ವೇಳಾಪಟ್ಟಿಯೂ ಒಂದೇ.

ಇನ್ನೊಂದು: ಅದು ಕಿರ್ಕೆನೆಸ್ ಅಂತ ಬರೆದರೂ ಅಲ್ಲಿನವರ ಬಾಯಲ್ಲಿ ‘ಶಿರ್ಕೆನೆಸ್’ ಹತ್ತಿರ ಬರುತ್ತೆ. ಬಸ್ಸಿನಲ್ಲಿ ಕೇಳುವಾಗ ನೆನಪಿರಲಿ.

ಲೆನ್ಸ್‌ಮುಚ್ಚಳ
ಸೆಪ್ಟೆಂಬರಾ ಅಕ್ಟೋಬರಾ ಅನ್ನೋದಕ್ಕೆ ಲೆಕ್ಕ ಕೊಡ್ತೀನಿ. ಟ್ರುಮ್ಸೊದಲ್ಲಿ ಸೆಪ್ಟೆಂಬರ್ 20ಕ್ಕೆ ಹಗಲು ಸುಮಾರು 13 ಗಂಟೆ, ಅಕ್ಟೋಬರ್ 20ಕ್ಕೆ ಸುಮಾರು ಎಂಟೂವರೆ. ಅಂದರೆ ದಿನಕ್ಕೆ ಎಂಟು ನಿಮಿಷಕ್ಕೂ ಹೆಚ್ಚು ಬೆಳಕು ಕಳೆದುಹೋಗುತ್ತೆ. ಒಂದೇ ಪ್ರಯಾಣದ 12 ದಿನದಲ್ಲೇ ವ್ಯತ್ಯಾಸ ಕಣ್ಣಿಗೆ ಕಾಣುತ್ತೆ. ನಕಾಶೆಯವರು ಹೇಳಿದ ಟ್ರೋಲ್‌ಫಿಯೋರ್ಡ್ ಸಂಜೆ ಐದಕ್ಕೆ. ಸೆಪ್ಟೆಂಬರ್ ಕೊನೆಯಲ್ಲಿ ಆಗ ಒಳ್ಳೆ ಓರೆಬಿಸಿಲು. ಅಕ್ಟೋಬರ್ 20ರ ಹೊತ್ತಿಗೆ ಆಗಲೇ ಸೂರ್ಯ ಮುಳುಗುವ ಸಮಯ. ಹಳದಿ ಎಲೆ ಬೇಕಿದ್ದರೂ ಸೆಪ್ಟೆಂಬರೇ: ಉತ್ತರ ತುದಿಯ ಫಿನ್‌ಮಾರ್ಕ್‌ನಲ್ಲಿ ತಿಂಗಳ ಮೊದಲರ್ಧದಲ್ಲೇ ಬಣ್ಣ ಬರುತ್ತೆ, ಟ್ರುಮ್ಸೊದಲ್ಲಿ ಮಧ್ಯದಲ್ಲಿ, ಬರ್ಗೆನ್ ಕಡೆ ಅಕ್ಟೋಬರ್‌ಗೆ. ಬಣ್ಣ ಉತ್ತರದಿಂದ ದಕ್ಷಿಣಕ್ಕೆ ಇಳಿಯುತ್ತೆ, ನೀವೂ ಅದರ ಜೊತೆ ಇಳಿಯಬಹುದು.

ಸೆಪ್ಟೆಂಬರ್ 12ರಿಂದ 22ರೊಳಗೆ ಬರ್ಗೆನ್ ಬಿಡಿ. ನನ್ನ ಮತ ಅದಕ್ಕೆ.

ಹೊಸಬ_ಹಾಸನ
ಅರೋರಾ ಚಳಿಗಾಲದಲ್ಲಿ ಮಾತ್ರ ಅಲ್ವಾ? ಸೆಪ್ಟೆಂಬರ್‌ನಲ್ಲಿ ಹೋದರೆ ದುಡ್ಡು ದಂಡ ಆಗಲ್ವಾ?

ಲೆನ್ಸ್‌ಮುಚ್ಚಳ
ಅದು ತಪ್ಪು ಕಲ್ಪನೆ. ಅರೋರಾಗೆ ಬೇಕಾದ್ದು ಚಳಿ ಅಲ್ಲ, ಕತ್ತಲು ಮತ್ತು ಮೋಡವಿಲ್ಲದ ಆಕಾಶ. ಸೂರ್ಯನಿಂದ ಬಂದ ಕಣಗಳು ನೂರು ಕಿಲೋಮೀಟರ್‌ಗೂ ಮೇಲೆ ಆಮ್ಲಜನಕಕ್ಕೆ ಬಡಿದಾಗ ಹಸಿರು ಬರೋದು, ನೆಲದ ಮೇಲಿನ ತಾಪಮಾನಕ್ಕೂ ಅದಕ್ಕೂ ಸಂಬಂಧ ಇಲ್ಲ. ಸೆಪ್ಟೆಂಬರ್‌ನಿಂದ ಮಾರ್ಚ್‌ವರೆಗೂ ಕಾಣುತ್ತೆ. ಹಗಲು ರಾತ್ರಿ ಸಮವಾಗುವ ಸೆಪ್ಟೆಂಬರ್ 22–23ರ ಸುತ್ತಮುತ್ತ ಭೂಮಿಯ ಕಾಂತಕ್ಷೇತ್ರ ಮತ್ತು ಸೌರಮಾರುತ ಹೊಂದಿಕೊಳ್ಳುವ ಕೋನದಿಂದಾಗಿ ಚಟುವಟಿಕೆ ಸರಾಸರಿಗಿಂತ ಹೆಚ್ಚೇ ಇರುತ್ತೆ.

ಹಡಗಿನ ಮೇಲೆ ಫೋಟೋ ತೆಗೆಯೋದು ನೆಲದ ಮೇಲಿನ ಹಾಗಲ್ಲ. ಟ್ರೈಪಾಡ್ ನಂಬಬೇಡಿ, ಎಂಜಿನ್ ಕಂಪನ ಅದರ ಕಾಲಿನಿಂದಲೇ ಏರುತ್ತೆ, ಜೊತೆಗೆ ಹಡಗು ತೂಗುತ್ತೆ. 10 ಸೆಕೆಂಡ್ ಬಿಟ್ಟರೆ ನಕ್ಷತ್ರಗಳೆಲ್ಲ ಹುಳದ ಹಾಗೆ ಬರುತ್ತವೆ. ಲೆನ್ಸ್ ಎಫ್ 2.8 ಅಥವಾ ಅದಕ್ಕಿಂತ ಅಗಲ, ಐಎಸ್ಒ 3200, ಶಟರ್ 1 ಸೆಕೆಂಡ್. ಅರೋರಾ ಜೋರಿದ್ದರೆ ಅರ್ಧ ಸೆಕೆಂಡ್ ಸಾಕು. ಫೋಕಸ್ ಕೈಯಲ್ಲಿ: ಒಂದು ನಕ್ಷತ್ರವನ್ನು ಪರದೆಯಲ್ಲಿ ಹಿಗ್ಗಿಸಿ, ಚುಕ್ಕೆ ಅತಿ ಚಿಕ್ಕದಾಗುವ ತನಕ ಉಂಗುರ ತಿರುಗಿಸಿ. ಆಮೇಲೆ ಉಂಗುರಕ್ಕೆ ಒಂದು ಚೂರು ಟೇಪ್ ಅಂಟಿಸಿಬಿಡಿ, ಕೈಗವಸಲ್ಲಿ ತಾಗಿ ಜಾರುತ್ತೆ. ದೀಪ ಕಡಿಮೆ ಇರುವ ಡೆಕ್ ಹುಡುಕಿ ನಿಲ್ಲಿ, ಕಣ್ಣು ಹೊಂದಿಕೊಳ್ಳಲು 15–20 ನಿಮಿಷ ಬೇಕು.

ಶುರುವಿನಲ್ಲಿ ಅದು ಹಸಿರಾಗಿ ಕಾಣಲ್ಲ ಅನ್ನೋದು ಗೊತ್ತಿರಲಿ. ಬೂದಿ ಬಣ್ಣದ ತೆಳು ಮೋಡದ ಪಟ್ಟೆ ಆಕಾಶಕ್ಕೆ ಅಡ್ಡಲಾಗಿ ನಿಂತ ಹಾಗಿರುತ್ತೆ. ಫೋನ್ ಅನ್ನು ನೈಟ್ ಮೋಡ್‌ನಲ್ಲಿ 3 ಸೆಕೆಂಡ್ ಹಿಡಿಯಿರಿ. ಪರದೆ ಮೇಲೆ ಹಸಿರು ಬಂತೋ, ಅದೇ ಅದು. ಮೋಡ ಆದರೆ ಬೂದಿಯಾಗೇ ಉಳಿಯುತ್ತೆ.

ಮಲಪ್ರಭಾ_ದಂಡಿ
ಅರೋರಾ ಜೋರು ಅಳಿಯೂ ಕೆಪಿ ಅಂಕಿ 5 ಆದ್ರ ಮಾತ್ರ ಕಾಣ್ತೈತಿ ಅಂತಾರಲ್ರಿ?

ಲೆನ್ಸ್‌ಮುಚ್ಚಳ
ಅದು ದಕ್ಷಿಣದ ಊರುಗಳಿಗೆ. ಬೋಡೊದಿಂದ ಮೇಲೆ ನೀವು ಅರೋರಾ ವಲಯದ ಅಡಿಯಲ್ಲೇ ಇರ್ತೀರಿ, ಕೆಪಿ 2 ಇದ್ದರೂ ಸಾಕು. ಆ ಅಂಕಿ ಬಿಡಿ, ಮೋಡದ ನಕ್ಷೆ ನೋಡಿ. ಹಡಗಿನಲ್ಲಿ ಅರೋರಾ ಕಂಡರೆ ಧ್ವನಿವರ್ಧಕದಲ್ಲಿ ಕೂಗ್ತಾರೆ, ರಾತ್ರಿ ಕೂಗು ಕ್ಯಾಬಿನ್ನಿಗೂ ಬರಬೇಕಾ ಬೇಡವಾ ಅಂತ ಹತ್ತಿದ ದಿನವೇ ರಿಸೆಪ್ಷನ್‌ನಲ್ಲಿ ಕೇಳಿ ಸರಿಮಾಡಿಕೊಳ್ಳಿ.

ಶುಂಠಿಕಷಾಯ
ಈಗ ಅಮ್ಮನ ಹೊಟ್ಟೆಯ ವಿಷಯ. ದಾರಿಯ ಬಹುಪಾಲು ದ್ವೀಪಗಳ ಮರೆಯಲ್ಲಿ ಹೋಗುತ್ತೆ, ಅಲ್ಲಿ ಟೀ ಲೋಟ ಕೂಡ ಅಲುಗಾಡಲ್ಲ. ಮರೆಯಿಲ್ಲದ ಕೆಲವು ತುಂಡುಗಳಿವೆ, ತೊಂದರೆ ಅಲ್ಲಿ ಮಾತ್ರ. ಅವು ಯಾವ ಹೊತ್ತಿಗೆ ಬರುತ್ತವೆ ಅಂತ ಗೊತ್ತಿದ್ದರೆ ಅರ್ಧ ಕೆಲಸ ಮುಗೀತು.

ಹೋಗುವಾಗ 2ನೇ ದಿನ ಬೆಳಗಿನ ಜಾವ ಮೋಲೊಯ್ ಮತ್ತು ಟೋರ್ವಿಕ್ ನಡುವೆ ಸ್ಟಾಡ್ ಭೂಶಿರ. ಎಲ್ಲರೂ ಹಾಸಿಗೆಯಲ್ಲಿರುವ ಹೊತ್ತು, ಮಲಗಿಯೇ ಇರಲಿ, ಬೇಗ ಎದ್ದು ಸ್ನಾನಕ್ಕೆ ಹೋಗೋದು ಬೇಡ. ಅದೇ ರಾತ್ರಿ ಮೋಲ್ಡೆ ದಾಟಿದ ಮೇಲೆ ಹುಸ್ತಾದ್‌ವಿಕಾ. 3ನೇ ದಿನ ಸಂಜೆ ರೋರ್ವಿಕ್ ಸಿಗುವ ಮುಂಚೆ ಫೋಲ್ಡಾ. 4ನೇ ದಿನ ಮಧ್ಯಾಹ್ನ ಮೂರೂವರೆಗೆ ಬೋಡೊ ಬಿಟ್ಟಮೇಲೆ ವೆಸ್ಟ್‌ಫಿಯೋರ್ಡ್, ಮೂರೂವರೆಯಿಂದ ನಾಲ್ಕು ಗಂಟೆ. ಹೆಸರು ಫಿಯೋರ್ಡ್ ಆದರೂ ಅದು ತೆರೆದ ಸಮುದ್ರ. 5ನೇ ದಿನ ರಾತ್ರಿ ಶೆರ್ವೊಯ್ ಆದಮೇಲೆ ಲೋಪ್ಪಾ. 6ನೇ ದಿನ ಮಧ್ಯಾಹ್ನದಿಂದ 7ರ ಬೆಳಗಿನವರೆಗೆ ಬ್ಯಾರೆಂಟ್ಸ್ ಸಮುದ್ರದ ಅಂಚು. ಬರುವಾಗ ಹೆಚ್ಚಿನವು ರಾತ್ರಿಯಲ್ಲೇ ಕಳೆದುಹೋಗುತ್ತವೆ, ಒಂದು ಮಾತ್ರ ಕೆಟ್ಟ ಹೊತ್ತಿಗೆ: 11ನೇ ದಿನ ಸಂಜೆ ಕ್ರಿಸ್ಟಿಯಾನ್‌ಸುಂಡ್ ಬಿಟ್ಟಮೇಲೆ ಹುಸ್ತಾದ್‌ವಿಕಾ, ಸರಿಯಾಗಿ ರಾತ್ರಿ ಊಟದ ವೇಳೆಗೆ.

ಮಾತ್ರೆ ಹೊಟ್ಟೆ ತೊಳಸಲು ಶುರುವಾದ ಮೇಲೆ ನುಂಗಿದರೆ ಪ್ರಯೋಜನ ಕಡಿಮೆ. ಆ ತುಂಡು ಬರುವ ಒಂದೆರಡು ಗಂಟೆ ಮೊದಲೇ ತೆಗೆದುಕೊಳ್ಳಬೇಕು. ನಮ್ಮಲ್ಲಿ ಸಿಗುವ ಆವೊಮಿನ್ ಕೆಲಸ ಮಾಡುತ್ತೆ, ಆದರೆ ನಿದ್ದೆ ಬರಿಸುತ್ತೆ, ಬಾಯಿ ಒಣಗಿಸುತ್ತೆ. ಅಪ್ಪನೂ ತೆಗೆದುಕೊಳ್ಳುವುದಾದರೆ ಪ್ರಾಸ್ಟೇಟ್ ತೊಂದರೆ ಅಥವಾ ಗ್ಲಾಕೋಮಾ ಇದ್ದರೆ ಡಾಕ್ಟರನ್ನು ಕೇಳದೆ ಬೇಡ. ಮಾತ್ರೆ ಮಂಪರಿನಲ್ಲಿ ಹಡಗಿನ ಮೆಟ್ಟಿಲು ಇಳಿಯುವಾಗ ಬೀಳಬಹುದು, ಆ ಹೊತ್ತಿಗೆ ಲಿಫ್ಟ್ ಹಿಡಿಯಿರಿ. ಖಾಲಿ ಹೊಟ್ಟೆಯೂ ಕೆಟ್ಟದ್ದೇ: ಒಣ ಬ್ರೆಡ್ಡು, ಬಿಸ್ಕತ್ತು, ಒಂದು ಸೇಬು. ಫೋನ್ ನೋಡೋದು ಬಿಟ್ಟು ದಿಗಂತ ನೋಡಲಿ.

ಬಂದರುಬೀದಿ
ಕ್ಯಾಬಿನ್ ಆರಿಸುವುದೂ ಇದಕ್ಕೇ ಸೇರಿದ ವಿಷಯ. ಹಡಗು ತಕ್ಕಡಿಯ ಹಾಗೆ ತೂಗುವುದು, ನಡುವೆ ಅಲುಗಾಟ ಕಡಿಮೆ, ತುದಿಯಲ್ಲಿ ಹೆಚ್ಚು. ಆದ್ದರಿಂದ ನಡುಭಾಗ, ಕೆಳ ಡೆಕ್. ಆದರೆ ತೀರಾ ಮುಂದಿನ ಕೆಳ ಕ್ಯಾಬಿನ್ ಬೇಡವೇ ಬೇಡ. ದಡಕ್ಕೆ ತಾಗುವಾಗ ಮೂತಿಯನ್ನು ಪಕ್ಕಕ್ಕೆ ತಳ್ಳುವ ಬೌ ಥ್ರಸ್ಟರ್ ಅಲ್ಲೇ ಇರುವುದು. ರಾತ್ರಿ ಎರಡಕ್ಕೊಂದು ಬಂದರು, ಐದಕ್ಕೊಂದು ಬಂದರು. ಪ್ರತಿಸಲ ತಲೆಯಡಿ ಕಲ್ಲು ಅರೆಯುವ ಗಿರಣಿ ಇಟ್ಟ ಹಾಗೆ ಸದ್ದು. ತೀರಾ ಹಿಂದೆ ಎಂಜಿನ್ ಗುಂಯ್‌ಗುಡುತ್ತದೆ. ಕಿಟಕಿ ಇರುವ ಕ್ಯಾಬಿನ್ ಅಂತ ದುಡ್ಡು ಕೊಟ್ಟು, ಕಿಟಕಿ ಎದುರು ಲೈಫ್‌ಬೋಟ್ ತೂಗುಹಾಕಿದ್ದರೆ ಎಂಥ ಮಾಡುವುದು? ಡೆಕ್ ನಕ್ಷೆ ಇಟ್ಟುಕೊಂಡು, ‘ನೋಟಕ್ಕೆ ಅಡ್ಡಿ’ ಅಂತ ಬರೆದಿದೆಯಾ ನೋಡಿಯೇ ಬುಕ್ ಮಾಡಿ.

ಕಾವೇರಿತೀರ
ತುಂಬಾ ಉಪಕಾರ. ಅಮ್ಮನಿಗೆ ಇದನ್ನೆಲ್ಲ ಓದಿ ಹೇಳಿದೆ. ಹುಸ್ತಾದ್‌ವಿಕಾದಲ್ಲಿ ಒಂದು ಹಡಗು ಕೆಟ್ಟು ನಿಂತಿತ್ತಂತಲ್ಲ, ಅದನ್ನು ಟಿವಿಯಲ್ಲಿ ನೋಡಿ ಹೆದರಿದ್ದಾರೆ.

ಬಂದರುಬೀದಿ
ಅದು 2019ರ ಮಾರ್ಚ್. ದೊಡ್ಡ ಕ್ರೂಸ್ ಹಡಗು, 1,300ಕ್ಕೂ ಹೆಚ್ಚು ಜನ, ಬಿರುಗಾಳಿಯ ಮುನ್ಸೂಚನೆ ಇದ್ದಾಗಲೂ ಹೊರಟಿತ್ತು. ಎಂಜಿನ್ನಿನ ಲೂಬ್ರಿಕೇಶನ್ ಎಣ್ಣೆ ಟ್ಯಾಂಕಿನಲ್ಲಿ ಇರಬೇಕಾದ್ದಕ್ಕಿಂತ ಕಡಿಮೆ ಇತ್ತು. ಹಡಗು ಜೋರಾಗಿ ಹೊರಳಿದಾಗ ಎಣ್ಣೆ ಒಂದು ಬದಿಗೆ ಹೋಯಿತು, ಪಂಪ್ ಗಾಳಿ ಎಳೆಯಿತು, ಒತ್ತಡ ಬಿತ್ತು, ಎಂಜಿನ್‌ಗಳು ತಮ್ಮನ್ನು ಕಾಪಾಡಿಕೊಳ್ಳಲು ತಾವೇ ನಿಂತವು. ಲಂಗರು ಹಾಕಿ ಹೇಗೋ ದಡಕ್ಕೆ ಬಡಿಯುವುದು ತಪ್ಪಿತು, ಜನರನ್ನು ಹೆಲಿಕಾಪ್ಟರಿನಲ್ಲಿ ಎತ್ತಿದರು, ಕೊನೆಗೆ ಎಂಜಿನ್ ಮತ್ತೆ ಹಿಡಿದು ಮೋಲ್ಡೆ ಸೇರಿತು. ಕರಾವಳಿ ಹಡಗಿನವರು ಇದೇ ನೀರಿನಲ್ಲಿ ವರ್ಷವಿಡೀ ಓಡುವವರು. ಗಾಳಿ ಮಿತಿ ಮೀರಿದರೆ ಬಂದರಿನಲ್ಲೇ ಕಾಯುತ್ತಾರೆ, ಇಲ್ಲವೇ ಒಂದು ಬಂದರು ಬಿಟ್ಟು ಮುಂದೆ ಹೋಗುತ್ತಾರೆ. ಅಮ್ಮನಿಗೆ ಧೈರ್ಯ ಹೇಳಿ.

ನಕಾಶೆ
ಬಂದರು ಬಿಟ್ಟುಹೋಗೋದು ಮುಖ್ಯವಾಗಿ ಪೂರ್ವ ಫಿನ್‌ಮಾರ್ಕ್‌ನಲ್ಲಿ: ಮೆಹಾಮ್ನ್, ಬೆರ್ಲೆವೋಗ್, ಬೋಟ್ಸ್‌ಫಿಯೋರ್ಡ್, ವಾರ್ಡೊ. ನಾರ್ವೆಯ ಹವಾಮಾನ ಆ್ಯಪ್‌ನಲ್ಲಿ ಗಾಳಿಯನ್ನು ಸೆಕೆಂಡಿಗೆ ಮೀಟರ್ ಲೆಕ್ಕದಲ್ಲಿ ಕೊಡ್ತಾರೆ, ಕಿಲೋಮೀಟರ್ ಅಂತ ಓದಿಕೊಂಡು ಸುಮ್ಮನಾಗಬೇಡಿ. 10 ಅಂದರೆ ಗಂಟೆಗೆ 36 ಕಿ.ಮೀ. 15 ದಾಟಿದರೆ ತೆರೆದ ತುಂಡಿನಲ್ಲಿ ಚೆನ್ನಾಗಿ ತೂಗುತ್ತೆ. 20 ದಾಟಿದರೆ ಆ ದಿನದ ಬಂದರಿನ ಮೇಲೆ ಆಸೆ ಇಟ್ಟುಕೊಳ್ಳೋದು ಬೇಡ. ಅಕ್ಟೋಬರ್ ಕಳೆದಂತೆ ಇಂಥ ದಿನಗಳು ಹೆಚ್ಚುತ್ತವೆ. ಸೆಪ್ಟೆಂಬರ್ ಪರವಾಗಿ ಇದೂ ಒಂದು ವಾದ.

ಹೊಸಬ_ಹಾಸನ
ಗೈರಾಂಗರ್ ಫಿಯೋರ್ಡ್ ಇಲ್ವಾ? ಎಲ್ಲಾ ಜಾಹೀರಾತಿನಲ್ಲೂ ಅದೇ ಫೋಟೋ ಇರುತ್ತೆ.

ನಕಾಶೆ
ಗೈರಾಂಗರ್ ಜೂನ್‌ನಿಂದ ಆಗಸ್ಟ್‌ವರೆಗೆ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ 2ನೇ ದಿನ ಓಲೆಸುಂಡ್‌ನಿಂದ ಯೊರುಂಡ್‌ಫಿಯೋರ್ಡ್‌ಗೆ ಹೋಗಿಬರುತ್ತೆ. ನವೆಂಬರ್‌ನಿಂದ ಎರಡೂ ಇಲ್ಲ. ಯೊರುಂಡ್‌ಫಿಯೋರ್ಡ್ ಕಡಿಮೆ ಅಂತ ಅಂದುಕೊಳ್ಳಬೇಡಿ. ಅಕ್ಕಪಕ್ಕ ಮೊನಚು ಬೆಟ್ಟ, ನೀರಂಚಲ್ಲಿ ಉರ್ಕೆ ಅನ್ನೋ ಪುಟ್ಟ ಹಳ್ಳಿ, ಬೇರೆ ದೊಡ್ಡ ಹಡಗುಗಳ ಗದ್ದಲ ಇಲ್ಲ. ಇದರಿಂದ ಇನ್ನೊಂದು ಅನುಕೂಲ: ಹಡಗು ಓಲೆಸುಂಡ್‌ಗೆ ಅದೇ ದಿನ ಎರಡು ಸಲ ಬರುತ್ತೆ. 1904ರ ಜನವರಿ ಬೆಂಕಿಯಲ್ಲಿ ಊರು ಸುಟ್ಟುಹೋಗಿ, ಆಮೇಲೆ ಕಲ್ಲಿನಲ್ಲಿ ಆರ್ಟ್ ನೂವೋ ಶೈಲಿಯಲ್ಲಿ ಕಟ್ಟಿದ ಊರು ಅದು. ಆಕ್ಸ್‌ಲಾ ಗುಡ್ಡಕ್ಕೆ 418 ಮೆಟ್ಟಿಲು, ಅಪ್ಪನಿಗೆ ಬೇಡ, ಮೇಲಕ್ಕೆ ರಸ್ತೆಯೂ ಇದೆ, ಟ್ಯಾಕ್ಸಿ ಹೋಗುತ್ತೆ.

ಅಂಚೆಚೀಟಿ
ಟ್ರೋಲ್‌ಫಿಯೋರ್ಡ್ ಬಗ್ಗೆ ಒಂದು ಎಚ್ಚರಿಕೆ. ಅದರ ಬಾಯಿ ಸುಮಾರು 100 ಮೀಟರ್ ಅಗಲ, ಉದ್ದ 2 ಕಿ.ಮೀ. ಒಳಗೆ ಹೋಗಿ ನಿಂತಲ್ಲೇ ತಿರುಗಿ ಬರಬೇಕು. ಹೋಗುವುದು ಬಿಡುವುದು ಕ್ಯಾಪ್ಟನ್ ಕೈಯಲ್ಲಿ, ಚಳಿಗಾಲದಲ್ಲಿ ಹಿಮ, ಬಂಡೆ ಜಾರುವ ಭಯಕ್ಕೆ ಒಳಗೆ ಹೋಗಲ್ಲ. ಗ್ಯಾರಂಟಿ ಅಂತ ಯಾರಾದರೂ ಮಾರಿದರೆ ನಂಬಬೇಡಿ.

ಕಾವೇರಿತೀರ
ಊಟದ ವಿಷಯ ಯಾರೂ ಹೇಳಲಿಲ್ಲ. ಅಮ್ಮನಿಗೆ ಅದೇ ಚಿಂತೆ.

ತೊಗರಿಬೇಳೆ
ನಾನು ಹೇಳ್ತೀನಿ ಅಕ್ಕ. ಬುಕ್ ಮಾಡುವಾಗಲೇ ಬರೆದು ತಿಳಿಸಿ, ಹೊರಡುವ ಎರಡು ವಾರ ಮುಂಚೆ ಮತ್ತೊಮ್ಮೆ ಮೇಲ್ ಹಾಕಿ, ಹತ್ತಿದ ರಾತ್ರಿ ರೆಸ್ಟೋರೆಂಟಿನ ಮುಖ್ಯಸ್ಥರನ್ನು ಖುದ್ದಾಗಿ ನೋಡಿ. ಬರೀ ‘ವೆಜಿಟೇರಿಯನ್’ ಅಂದರೆ ಮೊಟ್ಟೆ ಬರುತ್ತೆ, ಕೆಲವರು ಮೀನನ್ನೂ ಸೇರಿಸಿಬಿಡ್ತಾರೆ. ‘ವೀಗನ್’ ಅಂದರೆ ಹಾಲು ಮೊಸರು ಕೂಡ ಕಿತ್ತುಹಾಕ್ತಾರೆ, ಅಮ್ಮನಿಗೆ ಅದೂ ಕಷ್ಟ. ಬಿಡಿಸಿ ಹೇಳಿ: ಮಾಂಸ ಇಲ್ಲ, ಮೀನಿಲ್ಲ, ಮೊಟ್ಟೆ ಇಲ್ಲ, ಹಾಲು ಆಗುತ್ತೆ. ನಾರ್ವೇಜಿಯನ್‌ನಲ್ಲಿ ‘ಇಕ್ಕೆ ಷೊಟ್, ಇಕ್ಕೆ ಫಿಸ್ಕ್, ಇಕ್ಕೆ ಎಗ್’. ಒಂದು ಚೀಟಿಯಲ್ಲಿ ಬರೆದು ಕೊಟ್ಟುಬಿಡಿ. ಎಡವೋದು ಎರಡು ಕಡೆ. ತರಕಾರಿ ಸೂಪ್ ಅಂತ ಇರುತ್ತೆ, ಒಳಗೆ ಮೀನಿನ ಸಾರು ಸೇರಿರಬಹುದು. ಸಿಹಿಯಲ್ಲಿ ಜೆಲಟಿನ್ (ಪ್ರಾಣಿಯ ಮೂಳೆ, ಚರ್ಮದಿಂದ ಮಾಡಿದ್ದು). ಈ ಎರಡನ್ನೂ ಪ್ರತಿಸಲ ಕೇಳಿ.

ಕ್ಯಾಬಿನ್‌ನಲ್ಲಿ ಅಡುಗೆ ಮಾಡೋಕೆ ಹೋಗಬೇಡಿ. ಇಮ್ಮರ್ಶನ್ ಕಾಯಿಲ್, ಪುಟ್ಟ ರೈಸ್ ಕುಕ್ಕರ್ ಎಲ್ಲ ಬೆಂಕಿ ಅಪಾಯ ಅಂತ ಹಡಗಿನಲ್ಲಿ ಬಿಡಲ್ಲ, ಹೊಗೆ ಸೆನ್ಸರ್ ಬೇರೆ ಇರುತ್ತೆ. ಬಿಸಿನೀರು ಕೆಫೆಯಲ್ಲಿ ಕೇಳಿ ಫ್ಲಾಸ್ಕಿಗೆ ತುಂಬಿಸಿಕೊಳ್ಳಿ. ಅದಕ್ಕೆ ಒಗ್ಗೋದು ಗೊಜ್ಜವಲಕ್ಕಿ: ತೆಳು ಅವಲಕ್ಕಿಯನ್ನು ತರಿ ಮಾಡಿ, ಹುಣಿಸೆ ಬೆಲ್ಲ ಸಾರಿನಪುಡಿ ಕೂಡಿಸಿ ಎಣ್ಣೆ ಒಗ್ಗರಣೆ ಹಾಕಿ ಪೂರ್ತಿ ಒಣಗಿಸಿ ಒಯ್ಯಿರಿ. ಒಂದು ಲೋಟ ಪುಡಿಗೆ ಮುಕ್ಕಾಲು ಲೋಟ ಬಿಸಿನೀರು, ಹತ್ತು ನಿಮಿಷ ಮುಚ್ಚಿಡಿ. ಚಟ್ನಿಪುಡಿ ತಗೊಂಡು ಹೋಗಿ, ಅಲ್ಲಿನ ಬೇಯಿಸಿದ ಆಲೂಗಡ್ಡೆಗೆ ಅದೇ ಜೀವ.

ತುಪ್ಪ, ಪೇಡೆ, ಹಾಲಿನಪುಡಿ ಮಾತ್ರ ಒಯ್ಯಬೇಡಿ. ಯುರೋಪಿನ ಆರ್ಥಿಕ ವಲಯದ ಹೊರಗಿನಿಂದ ಮಾಂಸ ಮತ್ತು ಹಾಲಿನ ಪದಾರ್ಥ ತರುವಂತಿಲ್ಲ, ಸುಂಕದವರು ಎತ್ತಿಟ್ಟುಕೊಳ್ತಾರೆ.

ಮಲಪ್ರಭಾ_ದಂಡಿ
ಪೇಡೆ ಬಿಡಂಗಿಲ್ಲ ಅಂದ್ರ ಭಾಳ ಬ್ಯಾಸರದ ಮಾತಾತು. ಶೇಂಗಾ ಹೋಳಿಗಿ ಒಯ್ರಿ ಮತ್ತ, ತುಪ್ಪ ಹಚ್ಚದ. ಹದಿನೈದು ದಿವ್ಸ ಕೆಡಂಗಿಲ್ಲ. ಅಂಗಡಿ ವಿಷಯ ಇನ್ನೊಂದು: ನಾರ್ವೆದಾಗ ಐತವಾರ ಹೆಚ್ಚಿನ ಅಂಗಡಿ ಬಂದ್. ಮೊಸರು, ಹಣ್ಣು ತಗೊಳ್ಳೂದು ಇದ್ರ ಯಾವ ಊರಿಗೆ ಯಾವ ವಾರ ಮುಟ್ತೀರಿ ಅಂತ ಮೊದಲ ನೋಡ್ರಿ.

ಹೊಸಬ_ಹಾಸನ
ಎರಡು ಕಂಪನಿಯಲ್ಲಿ ಯಾವುದು ಮೇಲು? ಹಾವಿಲಾ ಪೂರ್ತಿ ಬ್ಯಾಟರಿ ಹಡಗು ಅಂತ ಓದಿದೆ.

ಬಂದರುಬೀದಿ
ಪೂರ್ತಿ ಅಲ್ಲ. ನೈಸರ್ಗಿಕ ಅನಿಲದ ಎಂಜಿನ್, ಜೊತೆಗೆ 6.1 ಮೆಗಾವ್ಯಾಟ್-ಗಂಟೆಯ ಬ್ಯಾಟರಿ. ಬ್ಯಾಟರಿಯೊಂದರಲ್ಲೇ ಹೆಚ್ಚೆಂದರೆ ನಾಲ್ಕು ಗಂಟೆ. ಅದನ್ನು ಫಿಯೋರ್ಡಿನ ಒಳಗೆ ಬಳಸುತ್ತಾರೆ. ಆಗಿನ ನಿಶ್ಶಬ್ದ ಬಹಳ ಲಾಯಕ್ಕು, ನೀರು ಹಡಗಿನ ಬದಿಗೆ ತಾಗುವ ಸದ್ದು ಕೇಳುತ್ತದೆ. ನಾಲ್ಕೂ ಹಡಗು ಒಂದೇ ಅಚ್ಚು, 2021ರ ಕೊನೆಯಿಂದ ಒಂದೊಂದಾಗಿ ಬಂದವು. ಹುರ್ಟಿಗ್ರೂಟನ್‌ನವು ಹೆಚ್ಚಿನವು 1990ರ ದಶಕದವು, ನವೀಕರಿಸಿದ್ದು. ಕ್ಯಾಬಿನ್ ಚಿಕ್ಕದು, ಆದರೆ ಹೊರಗಿನ ಡೆಕ್ ನಡಿಗೆಗೆ ಚಂದ. ಊಟ ಹಾವಿಲಾದಲ್ಲಿ ಬಫೆ ಇಲ್ಲ, ಪುಟ್ಟ ತಟ್ಟೆಗಳಲ್ಲಿ ಕೇಳಿ ತರಿಸಿಕೊಳ್ಳುವುದು. ಮೊಟ್ಟೆ ತಿನ್ನದವರಿಗೆ ಅದು ಅನುಕೂಲ ಅಂತ ನನ್ನ ಅಭಿಪ್ರಾಯ, ಅಡುಗೆಯವರಿಗೆ ಪ್ರತಿ ತಟ್ಟೆಗೂ ಹೇಳಬಹುದು.

ತೊಗರಿಬೇಳೆ
ಒಪ್ಪಲ್ಲ. ಬಫೆಯಲ್ಲಿ ಅಮ್ಮ ಕಣ್ಣಾರೆ ನೋಡಿ ಬೇಕಾದ್ದು ಹಾಕಿಕೊಳ್ಳಬಹುದು: ಬ್ರೆಡ್ಡು, ಬೆಣ್ಣೆ, ಕಂದು ಚೀಸು, ಸಲಾಡು, ಮೊಸರು, ಹಣ್ಣು. ಹಸಿವಾದಷ್ಟು ತಿನ್ನಬಹುದು. ಪುಟ್ಟ ತಟ್ಟೆಯಲ್ಲಿ ಸಸ್ಯಾಹಾರದ ಆಯ್ಕೆ ಎರಡೋ ಮೂರೋ ಇದ್ದರೆ ಐದನೇ ದಿನಕ್ಕೆ ಬೇಜಾರಾಗುತ್ತೆ.

ಸಾಗರದಾಚೆ
ಇದರ ಬದಲು ಅಲಾಸ್ಕಾ ಯಾಕಾಗಬಾರದು? ಬೆಟ್ಟ, ಹಿಮನದಿ, ತಿಮಿಂಗಿಲ ಎಲ್ಲ ಇದೆ, ದೊಡ್ಡ ಹಡಗು, ಭಾರತೀಯ ಊಟ ಸುಲಭ.

ನಕಾಶೆ
ಅಲಾಸ್ಕಾ ಕ್ರೂಸ್ ಹಂಗಾಮು ಅಕ್ಟೋಬರ್‌ಗೆ ಮುಗಿದೇಹೋಗುತ್ತೆ. ವ್ಯಾಂಕೂವರ್‌ನಿಂದ ಹತ್ತಿದರೆ ಕೆನಡಾ, ಅಮೆರಿಕ ಎರಡೂ ವೀಸಾ ಬೇಕು. ಅವರು ಕೇಳಿದ್ದು ನಾರ್ವೆ, ಅಲ್ಲಿಗೇ ಇರೋಣ.

ಅಂಚೆಚೀಟಿ
ವೀಸಾ ಮಾತು ಬಂತಲ್ಲ: ಷೆಂಗೆನ್ ವೀಸಾ, ಪ್ರಯಾಣಕ್ಕೆ ಆರು ತಿಂಗಳು ಮುಂಚೆಯಿಂದ ಅರ್ಜಿ ಹಾಕಬಹುದು. ನಿಯಮದಲ್ಲಿ 15 ದಿನ, ಕೆಲವೊಮ್ಮೆ 45 ದಿನದವರೆಗೂ ಎಳೆಯುತ್ತೆ. 30,000 ಯೂರೋ ವೈದ್ಯಕೀಯ ವಿಮೆ ಕಡ್ಡಾಯ. ಹಡಗಿನ ಬುಕಿಂಗ್ ಪತ್ರದಲ್ಲಿ ನಾಲ್ವರ ಹೆಸರೂ ಪಾಸ್‌ಪೋರ್ಟಿನಲ್ಲಿ ಇದ್ದಂತೆಯೇ ಇರಬೇಕು. ಅಪ್ಪನ ಇನಿಷಿಯಲ್ ಒಂದು ಕಡೆ ಬಿಡಿಸಿ ಬರೆದು ಇನ್ನೊಂದು ಕಡೆ ಚುಟುಕಾಗಿ ಬರೆದರೆ ಅಲ್ಲೇ ಸಿಕ್ಕಿಕೊಳ್ಳೋದು. ನಮ್ಮ ಕಡೆಯ ಹೆಸರುಗಳಿಗೆ ಇದು ಮಾಮೂಲಿ ತೊಡಕು.

ಶುಂಠಿಕಷಾಯ
ಅಪ್ಪನ ಮಂಡಿಗೆ: ಹಡಗಿನಲ್ಲಿ ಲಿಫ್ಟ್ ಇದೆ, ತೊಂದರೆ ಇರೋದು ಗ್ಯಾಂಗ್‌ವೇಯಲ್ಲಿ, ಅಂದರೆ ಹತ್ತಿ ಇಳಿಯುವ ಹಲಗೆಯಲ್ಲಿ. ಉತ್ತರದಲ್ಲಿ ಉಬ್ಬರ ಇಳಿತದ ವ್ಯತ್ಯಾಸ ಎರಡು ಮೂರು ಮೀಟರ್, ಹಾಗಾಗಿ ಅದೇ ಬಂದರಿನಲ್ಲಿ ಇಳಿಯುವಾಗ ಮಟ್ಟಸವಾಗಿದ್ದ ಹಲಗೆ ವಾಪಸ್ ಬರುವಾಗ ಕಡಿದಾಗಿರುತ್ತೆ. ಕೈಕಂಬಿ ಹಿಡಿದೇ ನಡೆಯಲಿ, ಕೈಯಲ್ಲಿ ಚೀಲ ಬೇಡ. ಪ್ರತಿ ಬಂದರಿನಲ್ಲೂ ಇಳಿಯಲೇಬೇಕು ಅಂತ ಇಲ್ಲ. ಅಪ್ಪನಿಗೆ ಸುಲಭವಾದವು ಟ್ರುಮ್ಸೊ, ವಾರ್ಡೊ, ಹಾಮರ್‌ಫೆಸ್ಟ್: ಹಡಗು ಊರ ನಡುವೆಯೇ ನಿಲ್ಲುತ್ತೆ. ಟ್ರಾಂಡ್‌ಹೈಮ್‌ನಲ್ಲಿ ನಿದಾರೋಸ್ ಕೆಥೆಡ್ರಲ್‌ಗೆ ಸುಮಾರು ಎರಡು ಕಿ.ಮೀ., ಟ್ಯಾಕ್ಸಿ ಮಾಡಿ.

ನಕಾಶೆ
ಹಡಗು ತಪ್ಪಿಸಿಕೊಳ್ಳೋ ಬಗ್ಗೆ ಯಾರೂ ಹೇಳಲಿಲ್ಲ. ಗ್ಯಾಂಗ್‌ವೇ ಪಕ್ಕದ ಫಲಕದಲ್ಲಿ ಹೊರಡುವ ಸಮಯ ಬರೆದಿರ್ತಾರೆ, ತಡವಾಗಿ ಬಂದಿದ್ದರೆ ನಿಲುಗಡೆ ಕತ್ತರಿಸಿರ್ತಾರೆ. ಮುದ್ರಿತ ವೇಳಾಪಟ್ಟಿ ಬಿಟ್ಟು ಆ ಫಲಕವನ್ನೇ ನಂಬಿ, ಅದರ ಫೋಟೋ ತೆಗೆದುಕೊಂಡು ಇಳಿಯಿರಿ. 15 ನಿಮಿಷ ಮುಂಚೆ ಒಳಗಿರಿ. ನಿಮಗೋಸ್ಕರ ಕಾಯಲ್ಲ. ಹಡಗಿನವರೇ ನಡೆಸುವ ಸುತ್ತಾಟದ ಬಸ್ಸು ತಡವಾದರೆ ಮಾತ್ರ ಕಾಯ್ತಾರೆ.

ಎಲ್ಲ ಬಂದರೂ ಒಂದೇ ಅಲ್ಲ. ಸ್ಟೋಕ್‌ಮಾರ್ಕ್ನೆಸ್, ಸೋರ್ಟ್‌ಲ್ಯಾಂಡ್ ಕಡೆ ತಪ್ಪಿದರೆ ಟ್ಯಾಕ್ಸಿ ಹಿಡಿದು ಮುಂದಿನ ಬಂದರಿಗೆ ಓಡಬಹುದು. ಹೊನ್ನಿಂಗ್ಸ್‌ವೋಗ್‌ನಲ್ಲಿ ತಪ್ಪಿದರೆ ಮುಂದಿನ ಷೊಲ್ಲೆಫಿಯೋರ್ಡ್‌ಗೆ ರಸ್ತೆಯಲ್ಲಿ ನೂರಾರು ಕಿಲೋಮೀಟರ್ ಬಳಸಬೇಕು, ಹಡಗು ಎರಡು ಗಂಟೆ ಚಿಲ್ಲರೆಯಲ್ಲೇ ತಲುಪಿರುತ್ತೆ. ಆದ್ದರಿಂದ ನಾರ್ತ್ ಕೇಪ್ ಒಂದನ್ನು ಹಡಗಿನ ಬಸ್ಸಿನಲ್ಲೇ ಹೋಗಿ: ಒಂದು ಬದಿಗೆ 34 ಕಿ.ಮೀ., ಮುಕ್ಕಾಲು ಗಂಟೆ, 307 ಮೀಟರ್ ಎತ್ತರದ ಬಂಡೆ. ಉಳಿದ ಕಡೆ ಸ್ವಂತ ಓಡಾಟ ಸಾಕು. ಟ್ರುಮ್ಸೊದಲ್ಲಿ ಹೋಗುವಾಗ ನಾಲ್ಕು ಗಂಟೆ ಸಿಗುತ್ತೆ. 1965ರ ಆರ್ಕ್ಟಿಕ್ ಕೆಥೆಡ್ರಲ್, ರೋಪ್‌ವೇ ಎರಡೂ ಸೇತುವೆಯ ಆಚೆ ದಡದಲ್ಲಿ, ಸಿಟಿ ಬಸ್ಸೇ ಹೋಗುತ್ತೆ.

ಅಂಚೆಚೀಟಿ
ಹೊನ್ನಿಂಗ್ಸ್‌ವೋಗ್‌ನಲ್ಲಿ ಇಳಿದಾಗ ಆ ಬಿಳಿ ಚರ್ಚನ್ನು ದಯವಿಟ್ಟು ನೋಡಿ. 1944ರಲ್ಲಿ ಜರ್ಮನ್ ಸೇನೆ ಹಿಮ್ಮೆಟ್ಟುವಾಗ ಊರು ಸುಟ್ಟಿತು, ಉಳಿದದ್ದು 1885ರ ಆ ಚರ್ಚು. ಹಾಮರ್‌ಫೆಸ್ಟ್, ಕಿರ್ಕೆನೆಸ್ ಎಲ್ಲ ಅದೇ ಕಾರಣಕ್ಕೆ ಹೊಸ ಊರುಗಳ ಹಾಗೆ ಕಾಣೋದು, ‘ಹಳೇ ಊರು ಎಲ್ಲಿ’ ಅಂತ ಹುಡುಕಬೇಡಿ. ವಾಪಸ್ ಬರುವಾಗ ಸ್ಟೋಕ್‌ಮಾರ್ಕ್ನೆಸ್‌ನಲ್ಲಿ ಒಂದು ಗಂಟೆ ನಿಲುಗಡೆ. ದಡದಲ್ಲೇ ಗಾಜಿನ ಕಟ್ಟಡದೊಳಗೆ 1956ರ ‘ಫಿನ್‌ಮಾರ್ಕನ್’ ಹಡಗನ್ನು ಪೂರ್ತಿ ನಿಲ್ಲಿಸಿದ್ದಾರೆ. ನೇರ ಅಲ್ಲಿಗೆ ಹೋಗಿ, ಹಳೇ ಊಟದ ಕೋಣೆ, ಕ್ಯಾಬಿನ್ ನೋಡಲು ಮುಕ್ಕಾಲು ಗಂಟೆ ಸಾಕಾಗುತ್ತೆ.

ಕಾವೇರಿತೀರ
ಎಲ್ಲರಿಗೂ ಕೃತಜ್ಞತೆ. ಪೂರ್ತಿ ಸುತ್ತೇ ಮಾಡ್ತೀವಿ, ಸೆಪ್ಟೆಂಬರ್ ಮೂರನೇ ವಾರ, ನಡುಭಾಗದ ಕ್ಯಾಬಿನ್ ಎರಡು. ಹಡಗು ಹೊರಡೋದು ರಾತ್ರಿ 8:30ಕ್ಕೆ ಅಂತಿದೆ. ನಮ್ಮ ವಿಮಾನ ಅದೇ ದಿನ ಮಧ್ಯಾಹ್ನ ಎರಡಕ್ಕೆ ಬರ್ಗೆನ್ ಮುಟ್ಟುತ್ತೆ. ಸಾಕಲ್ವಾ? ಬಟ್ಟೆ ಎಷ್ಟು ಬೇಕು?

ನಕಾಶೆ
ಸಾಲದು. ಬೆಂಗಳೂರಿನಿಂದ ಎರಡು ವಿಮಾನ ಬದಲಿಸಿ ಬರುವಾಗ ಒಂದು ತಪ್ಪಿದರೆ ಮುಗೀತು, ಪೆಟ್ಟಿಗೆ ಹಿಂದುಳಿದರೆ 12 ದಿನ ಅದು ನಿಮ್ಮನ್ನು ಅಟ್ಟಿಸಿಕೊಂಡು ಬರಬೇಕು. ಹಿಂದಿನ ದಿನವೇ ಬನ್ನಿ. ಅಕಸ್ಮಾತ್ ತಪ್ಪಿದರೆ ಗಾಬರಿ ಬೇಡ: ಮರುದಿನ ಓಲೆಸುಂಡ್‌ಗೆ ಹಾರಿ, ಯೊರುಂಡ್‌ಫಿಯೋರ್ಡ್ ಮುಗಿಸಿ ಸಂಜೆ ಅಲ್ಲಿಗೆ ಬರುವ ಹಡಗನ್ನೇ ಹತ್ತಬಹುದು. ಹಡಗಿನ ಕಂಪನಿಗೆ ರಾತ್ರಿಯೇ ಫೋನ್ ಮಾಡಿ ತಿಳಿಸಿ, ಇಲ್ಲದಿದ್ದರೆ ನಿಮ್ಮ ಕ್ಯಾಬಿನ್ ರದ್ದಾಗಬಹುದು.

ಲೆನ್ಸ್‌ಮುಚ್ಚಳ
ಬಟ್ಟೆ: ಹಡಗು 15 ನಾಟ್ ವೇಗದಲ್ಲಿ ಹೋದರೆ ಗಾಳಿಯೇ ಇಲ್ಲದ ದಿನವೂ ಡೆಕ್ಕಿನ ಮೇಲೆ ಗಂಟೆಗೆ 28 ಕಿ.ಮೀ. ಗಾಳಿ ಮುಖಕ್ಕೆ ಹೊಡೆಯುತ್ತೆ. 5 ಡಿಗ್ರಿ ಅಂದುಕೊಂಡು ಹೋದರೆ ಸೊನ್ನೆ ಅನಿಸುತ್ತೆ. ಮೈಗೆ ಅಂಟುವ ಉಣ್ಣೆ ಬನಿಯನ್ ಮತ್ತು ಕಾಲುಚೀಲ ಎರಡೆರಡು ಜೊತೆ, ಮೇಲೊಂದು ಫ್ಲೀಸ್, ಅದರ ಮೇಲೆ ಗಾಳಿ ಮಳೆ ಎರಡೂ ತಡೆಯುವ ಜಾಕೆಟ್. ಹತ್ತಿ ಬನಿಯನ್ ಬೇಡ, ಬೆವರು ಹಿಡಿದುಕೊಂಡು ಆಮೇಲೆ ನಡುಗಿಸುತ್ತೆ. ಮಳೆಗೆ ಛತ್ರಿ ಒಯ್ಯಬೇಡಿ, ಡೆಕ್ಕಿನಲ್ಲಿ ಮಡಚಿಹೋಗುತ್ತೆ. ಕೈಗವಸು ಎರಡು ಪದರ: ಒಳಗೆ ತೆಳುವಾದದ್ದು, ಮೇಲೆ ದಪ್ಪದ್ದು.

ಶುಂಠಿಕಷಾಯ
ಅಪ್ಪನ ಶೂಗೆ ಹಾಕುವ ರಬ್ಬರ್ ಮೊಳೆಪಟ್ಟಿ ಒಂದು ಜೊತೆ. ಸೆಪ್ಟೆಂಬರ್‌ನಲ್ಲಿ ಬೇಕಾಗೋದು ಅಪರೂಪ, ಆದರೆ ನಾರ್ತ್ ಕೇಪ್‌ನಲ್ಲಿ ಬೆಳಿಗ್ಗೆ ಕಲ್ಲಿನ ಮೇಲೆ ತೆಳು ಮಂಜುಗಡ್ಡೆ ಕಟ್ಟಿದ್ದರೆ ಗೊತ್ತೇ ಆಗಲ್ಲ. ಹಡಗಿನ ಒಳಗೆ ಬಂದ ತಕ್ಷಣ ಬಿಚ್ಚಿಸಿ, ನುಣುಪು ನೆಲದಲ್ಲಿ ಅದೇ ಜಾರಿಸುತ್ತೆ.

ಬಂದರುಬೀದಿ
ಪ್ಲಗ್ಗು ಮರೆಯಬೇಡಿ. ಅಲ್ಲಿ ಎರಡು ದುಂಡು ಪಿನ್ನಿನದ್ದು, ನಮ್ಮ ಮೂರು ಪಿನ್ನು ಹೋಗುವುದಿಲ್ಲ. ಮತ್ತೆ ವಾರ್ಡೊ, ಕಿರ್ಕೆನೆಸ್ ಕಡೆ ಫೋನ್ ರಷ್ಯಾದ ಟವರ್ ಹಿಡಿದು ಗಡಿಯಾರ ತಾನೇ ಮುಂದೆ ಹೋಗುವುದುಂಟು. ಸಮಯವನ್ನು ಕೈಯಾರೆ ಓಸ್ಲೋಗೆ ಇಟ್ಟುಬಿಡಿ. ಅಪ್ಪನಿಗೆ ಸಾದಾ ಕೈಗಡಿಯಾರ ಕಟ್ಟಿಸಿ ಕರೆದುಕೊಂಡು ಹೋಗಿ.

ತೊಗರಿಬೇಳೆ
ಗೊಜ್ಜವಲಕ್ಕಿಗೆ ಬೆಲ್ಲ ಕಡಿಮೆ ಹಾಕಿ ಅಕ್ಕ, ಒದ್ದೆಯಾಗುತ್ತೆ. ಕಾಲು ಕೆಜಿ ಅವಲಕ್ಕಿಗೆ ನಿಂಬೆಗಾತ್ರದ ಬೆಲ್ಲ ಸಾಕು. ಅರ್ಧ ಅರ್ಧ ಕೆಜಿ ಬೇರೆ ಬೇರೆ ಜಿಪ್ ಚೀಲದಲ್ಲಿ ಕಟ್ಟಿ, ಇಂಗ್ಲಿಷಿನಲ್ಲಿ ಹೆಸರು, ಹಾಕಿದ ಪದಾರ್ಥ ಬರೆದು ಅಂಟಿಸಿ.